ಕುಟುಂಬದ ಗುಂಪಿನಲ್ಲಿ: ಕೀನ್ಯಾದ ಮಕ್ಕಳ ಮನೆಗೆ ಮಂಚ

ಪುಟ್ಟಿ: ಎಲ್ಲರೂ ಈ ವಿಡಿಯೊ ನೋಡಿ. ಮೇ ತಿಂಗಳಲ್ಲಿ ನಮ್ಮ ಯುವಜನ ಸಂಘದಿಂದ ಕೀನ್ಯಾಕ್ಕೆ ಹೋಗ್ಲಿಕ್ಕುಂಟು, ಮೂರು ವಾರ. ಅಲ್ಲಿಯ ಮಕ್ಕಳ ಮನೆಗೆ, ಅಂದ್ರೆ ಅನಾಥಾಶ್ರಮಕ್ಕೆ, ಹೊಸ ಕಟ್ಟಡ ಆಗ್ತಾ ಉಂಟು. ಒಂದು ಮಂಚ, ಹಾಸಿಗೆಗೆ 6,000 ರೂಪಾಯಿ. ಯಾರಿಂದ ಆಗ್ತದೆ ಹೇಳಿ.

ಅಣ್ಣ: ನನ್ನದು ಎರಡು ಮಂಚ. ದೇವರು ಒಳ್ಳೆದು ಮಾಡ್ಲಿ ಮಗಾ.

ಅತ್ತಿಗೆ: ಆ ಕೆಂಪು ಸ್ವೆಟರಿನ ಮಗುವನ್ನು ನೋಡಿ ಕಣ್ಣಲ್ಲಿ ನೀರು ಬಂತು. ನಮ್ಮದೂ ಒಂದು ಬರ್ಕೊ.

ನಾನು: ಪುಟ್ಟಿ, ನಾನು ಮಂಚಕ್ಕೆ ದುಡ್ಡು ಕೊಡುವುದಿಲ್ಲ. ಬೇಜಾರು ಮಾಡ್ಬೇಡ, ಕಾರಣ ಹೇಳ್ತೇನೆ.

ಅಣ್ಣ: ಹದಿಮೂರು ವರ್ಷ ಕೀನ್ಯಾದ ನೈರೋಬಿಯ ಮಕ್ಕಳ ಮನೆಯಲ್ಲಿ ಇದೇ ಕೆಲಸ ಮಾಡಿ ಬಂದವಳು ನೀನು. ಈಗ ಮಕ್ಕಳ ಉತ್ಸಾಹಕ್ಕೆ ತಣ್ಣೀರು ಎರಚುವುದಾ?

ನಾನು: ಆ ಕೆಲಸ ಮಾಡಿದ್ದಕ್ಕೇ ಹೇಳುವುದು ಅಣ್ಣಾ. 1996ರಲ್ಲಿ ನಾನು ಹೋದಾಗ, ಆಸ್ಪತ್ರೆಯಲ್ಲಿ ಬಿಟ್ಟುಹೋದ ಎಚ್‌ಐವಿ ಇದ್ದ ಕೂಸುಗಳನ್ನು ನಮ್ಮಲ್ಲಿಗೆ ತರ್ತಿದ್ರು. ಬೆಳಿಗ್ಗೆ ಉಜಿ ಗಂಜಿ ಕುಡಿಸಿದ ಮಗುವನ್ನು ಸಂಜೆ ಬಿಳಿ ಬಟ್ಟೆಯಲ್ಲಿ ಸುತ್ತಿದ್ದೂ ಉಂಟು. ಔಷಧಿ ಇತ್ತು, ಆದ್ರೆ ಒಬ್ಬರಿಗೆ ವರ್ಷಕ್ಕೆ 10,000 ಡಾಲರಿನ ಮೇಲೆ. 2001ರಲ್ಲಿ ನಮ್ಮ ಮುಂಬೈಯ ಸಿಪ್ಲಾ ಕಂಪನಿ ಎಂಎಸ್‌ಎಫ್ ಎಂಬ ವೈದ್ಯರ ಸೇವಾ ಸಂಸ್ಥೆಗೆ 350 ಡಾಲರಿಗೆ ಕೊಡ್ತೇವೆ ಅಂತ ಹೇಳಿದ ಮೇಲೆ ಬೆಲೆ ಇಳಿಯುತ್ತಾ ಬಂತು. ಉಳಿಯುವುದಿಲ್ಲ ಅಂತ ನಾವು ಎಣಿಸಿದ್ದ ಮಕ್ಕಳು ಶಾಲೆಗೆ ಹೋಗ್ಲಿಕ್ಕೆ ಶುರು ಮಾಡಿದವು.

ಅಣ್ಣ: ನೋಡು, ನೀನೇ ಹೇಳ್ತಾ ಇದ್ದಿ. ಆ ಮನೆ ಇಲ್ಲದಿದ್ರೆ ಆ ಮಕ್ಕಳು ಎಲ್ಲಿ ಇರ್ತಿದ್ವು? ನಮ್ಮ ಮುತ್ತಜ್ಜನನ್ನು ಮಿಷನ್ನಿನವರು ಸಾಕಿ, ಓದಿಸಿ, ಹಂಚಿನ ಕಾರ್ಖಾನೆಯಲ್ಲಿ ಕೆಲಸ ಕೊಟ್ಟದ್ದು ಮರೆತೆಯಾ? ಆ ಮಿಷನ್ನಿನವರು, ಸ್ವಿಟ್ಜರ್ಲೆಂಡಿನ ಬಾಸೆಲಿನವರು, 1834ರಲ್ಲಿ ಮಂಗಳೂರಿಗೆ ಬಂದದ್ದು. ಅದಕ್ಕಿಂತ ಆರು ವರ್ಷ ಮುಂಚೆಯೇ ಗೋಲ್ಡ್ ಕೋಸ್ಟಿಗೆ, ಅಂದ್ರೆ ಈಗಿನ ಘಾನಾಕ್ಕೆ ಹೋಗಿದ್ರು. ಅವರೆಲ್ಲ ಬೇಡ ಅಂತ ಮನೆಯಲ್ಲೇ ಕೂತಿದ್ರೆ?

ನಾನು: ಮರೆಯಲಿಲ್ಲ. ಮುತ್ತಜ್ಜನಿಗೆ ಯಾರೂ ಇರಲಿಲ್ಲ. ನಮ್ಮಲ್ಲಿದ್ದ ಮಕ್ಕಳಲ್ಲಿ ಎಷ್ಟೋ ಮಂದಿಗೆ ಅಜ್ಜಿ ಇದ್ರು, ಚಿಕ್ಕಮ್ಮ ಇದ್ರು.

ತಮ್ಮ: ಹಾಗಾದ್ರೆ ಅವರು ಯಾಕೆ ಸಾಕಲಿಲ್ಲ ಅಕ್ಕಾ?

ನಾನು: ಕೇಳಿದ್ರು. ನಾವು ಕೊಡಲಿಲ್ಲ.

2004ರಲ್ಲಿ ನೈರೋಬಿಯ ಪೂರ್ವಕ್ಕಿರುವ ಕಿಟುಯಿ ಕಡೆಯಿಂದ ಒಬ್ಬರು ಶೋಶೋ ಬಂದ್ರು. ಶೋಶೋ ಅಂದ್ರೆ ಅಲ್ಲಿ ಅಜ್ಜಿ. ಬಸ್ಸಿನಲ್ಲಿ ಬಂದದ್ದು, ಕೈಯಲ್ಲಿ ಒಂದು ಕೋಳಿ. ಮೊಮ್ಮಗನನ್ನು ಕಳಿಸಿ, ನನ್ನ ಮಗಳ ಮಗ ಅಂದ್ರು. ಹುಡುಗನಿಗೆ ಆರು ವರ್ಷ, ಔಷಧಿ ಒಗ್ಗಿತ್ತು. ಅವರ ಊರಲ್ಲಿ ಮಳೆ ಇಲ್ಲ, ಹಾಲಿಲ್ಲ, ಚಿಕಿತ್ಸೆಗೆ ದೂರ ಹೋಗ್ಬೇಕು ಅಂತ ನಮ್ಮ ಕಚೇರಿಯವರು ಲೆಕ್ಕ ಹಾಕಿದ್ರು. ಆಗುವುದಿಲ್ಲ ಅಂತ ಹೇಳುವ ಕೆಲಸ ನನ್ನದು, ಸ್ವಾಹಿಲಿ ಬರ್ತಿತ್ತಲ್ಲ. ಅವರು ಕೋಳಿಯನ್ನು ಅಡಿಗೆಮನೆಯ ಬಾಗಿಲಲ್ಲಿ ಇಟ್ಟು ಹೋದ್ರು. ತಿಂಗಳಿಗೊಮ್ಮೆ ಬಸ್ಸಿನ ಖರ್ಚು, ಒಂದು ಮೂಟೆ ಜೋಳ, ಎರಡು ಆಡು: ಅಷ್ಟು ಕೊಟ್ಟಿದ್ರೆ ಆ ಹುಡುಗ ಅಜ್ಜಿಯ ಹತ್ರ ಬೆಳೀತಿದ್ದ. ಅದೇ ವರ್ಷ ನಾವು ಊಟದ ಕೋಣೆಗೆ ಟೈಲ್ಸ್ ಹಾಕಿಸಿದ್ದೇವೆ.

ಅತ್ತಿಗೆ: ಅಯ್ಯೋ ದೇವರೇ.

ಪುಟ್ಟಿ: ಅತ್ತೆ, ನೀವು ಹದಿಮೂರು ವರ್ಷ ಇದ್ದದ್ದು ಸೇವೆ, ನಾವು ಮೂರು ವಾರ ಹೋದ್ರೆ ತಪ್ಪಾ?

ನಾನು: ನಾನು ಅಲ್ಲಿ ನರ್ಸ್ ಆಗಿದ್ದೆ ಮಗಾ, ರಾತ್ರಿ ಜ್ವರ ಬಂದ್ರೆ ಏಳುವವಳು ನಾನೇ. ಮೂರು ವಾರಕ್ಕೆ ಬಂದವರು ಮಕ್ಕಳನ್ನು ಎತ್ತಿಕೊಳ್ತಾರೆ, ಫೋಟೊ ತೆಗೀತಾರೆ, ಹೋಗ್ತಾರೆ. ಅವರು ಹೋದ ವಾರ ಹಾಸಿಗೆ ಒದ್ದೆ ಮಾಡುವ ಮಕ್ಕಳು ಜಾಸ್ತಿ. ಒಬ್ಬ ಹುಡುಗಿ ಯಾರು ಬಂದ್ರೂ ಮೊದಲು ಕೇಳ್ತಿದ್ದದ್ದು, ನೀವು ಯಾವಾಗ ಹೋಗುವುದು ಅಂತ.

ದೊಡ್ಡದಾದ ಮೇಲೆ ಇನ್ನೊಂದು ಕಷ್ಟ. ಹದಿನೆಂಟಕ್ಕೆ ಗುರುತಿನ ಚೀಟಿ ಮಾಡಿಸ್ಲಿಕ್ಕೆ ಅಪ್ಪ ಅಮ್ಮನ ಕಾಗದ ಕೇಳ್ತಾರೆ, ಇವ ನಮ್ಮ ಊರಿನವ ಅಂತ ಚೀಫ್, ಅಂದ್ರೆ ಅಲ್ಲಿಯ ಸರ್ಕಾರಿ ಅಧಿಕಾರಿ, ಹೇಳ್ಬೇಕು. ನಮ್ಮ ಮಕ್ಕಳಿಗೆ ಊರೇ ಗೊತ್ತಿಲ್ಲ, ಅಜ್ಜಿಯ ಕಾಂಬಾ ಭಾಷೆ ಬರುವುದಿಲ್ಲ.

ತಮ್ಮ: ಈಗ ಸರ್ಕಾರವೇ ಏನೋ ಮಾಡಿದೆ ಅಂತ ಓದಿದ ನೆನಪು.

ನಾನು: ಹೌದು. 2017ರಲ್ಲಿ ಕೀನ್ಯಾ ಹೊಸ ಮಕ್ಕಳ ಮನೆಗಳ ನೋಂದಣಿ ನಿಲ್ಲಿಸಿತು. 2022ರಿಂದ ಹತ್ತು ವರ್ಷದ ಯೋಜನೆ ಉಂಟು, ಮಕ್ಕಳನ್ನು ಕುಟುಂಬಕ್ಕೆ ಸೇರಿಸ್ಲಿಕ್ಕೆ. ರುವಾಂಡಾ 2012ರಲ್ಲೇ ಶುರು ಮಾಡಿತ್ತು. ಮತ್ತೆ ಇದು ಮಿಷನರಿಗಳಿಗೆ ಹೊಳೆಯದ ದಾರಿ ಅಂತಲೂ ಅಲ್ಲ. ನೈರೋಬಿಯಲ್ಲಿ 1992ರಲ್ಲಿ ನ್ಯುಂಬಾನಿ ಮಕ್ಕಳ ಮನೆ ಕಟ್ಟಿದ ಜೆಸುಯಿಟ್ ಪಾದ್ರಿ ಡಿ'ಅಗೊಸ್ಟಿನೊ ಅವರೇ ಆಮೇಲೆ ಕಿಟುಯಿಯಲ್ಲಿ ಒಂದು ಹಳ್ಳಿ ಮಾಡಿಸಿದ್ರು. ಮಕ್ಕಳನ್ನು ಕಳ್ಕೊಂಡ ಅಜ್ಜಿ ಅಜ್ಜಂದಿರು, ಅಪ್ಪ ಅಮ್ಮ ಇಲ್ಲದ ಮಕ್ಕಳು, ಒಂದೇ ಸೂರಿನ ಕೆಳಗೆ.

ಅಣ್ಣ: ಎಲ್ಲ ಮನೆಯೂ ನಿನ್ನ ಮನೆಯ ಹಾಗೆ ಅಂತ ಹೇಗೆ ಹೇಳ್ತಿ? ಯಾರೂ ಇಲ್ಲದ ಮಗು ಒಂದೇ ಇದ್ರೂ ಅದಕ್ಕೆ ಮಲಗ್ಲಿಕ್ಕೆ ಮಂಚ ಬೇಕಲ್ಲ. ನಾನು ದುಡ್ಡು ಕಳಿಸಿ ಆಯ್ತು.

ನಾನು: ಆ ಮಾತು ಸರಿ. ಆ ಒಂದು ಮಗುವಿಗೆ ಬೇಕೇ ಬೇಕು.

ಪುಟ್ಟಿ: ನಾಳೆ ಸಭಾಪಾಲಕರ ಹತ್ರ ಮಾತಾಡ್ತೇನೆ. ಎಂತ ಕೇಳ್ಬೇಕು ಅತ್ತೆ?

ನಾನು: ಎಷ್ಟು ಮಕ್ಕಳಿಗೆ ಅಜ್ಜಿ ಇದ್ದಾರೆ, ಕಳೆದ ವರ್ಷ ಎಷ್ಟು ಮಕ್ಕಳು ವಾಪಸ್ ಊರಿಗೆ ಹೋದ್ರು, ಅಲ್ಲಿಗೆ ಹೋಗಿ ಬರುವ ಸಮಾಜ ಕಾರ್ಯಕರ್ತೆ ಇದ್ದಾರಾ. ಇದ್ರೆ ಅವರ ಸಂಬಳಕ್ಕೆ ನಾನು ವರ್ಷವಿಡೀ ಕೊಡ್ತೇನೆ.

ಪುಟ್ಟಿ: ಆ ಕಿಟುಯಿಯ ಅಜ್ಜಿ ಮತ್ತೆ ಬಂದ್ರಾ?

ನಾನು: ಕ್ರಿಸ್ಮಸ್ಸಿಗೆ ಬಂದ್ರು. ಹುಡುಗ ಅವರ ಮಾತು ಅರ್ಥ ಆಗದೆ ನನ್ನ ಮುಖ ನೋಡಿದ.