ಹಳೆ ಸ್ಮಶಾನದ ಕಲ್ಲುಗಳನ್ನು ದಾಖಲಿಸೋದು ಹೇಗೆ? ಮತ್ತೆ ಈ ‘ಸನ್ ೧೩೨೮’ ಯಾವ ಇಸವಿ?

ಬೀದರ್ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ನಾನು ಬೀದರ್ ಕಡೆಯವಳು, ಕೆಲಸ ಕಲಬುರಗಿಯಲ್ಲಿ. ನಮ್ಮದು ಮೆಥಡಿಸ್ಟ್ ಮನೆತನ. ಊರಿನ ಹಳೆ ಸ್ಮಶಾನದಲ್ಲಿ ನಮ್ಮ ಮುತ್ಯಾನ ಅಪ್ಪ ಇದ್ದಾರೆ, ಅವರ ಕಡೆಯವರು ಇನ್ನೂ ಸುಮಾರು ಜನ ಇದ್ದಾರೆ. ಹೊಸ ಸ್ಮಶಾನ ಬೇರೆ ಕಡೆ ಆದ ಮೇಲೆ ಇಲ್ಲಿಗೆ ಬರೋದು ಈಸ್ಟರ್ ದಿನ ನಸುಕಿನಲ್ಲಿ ಮಾತ್ರ. ಅದರ ಹಿಂದಿನ ವಾರ ಗಿಡಗಂಟಿ ಕಡಿದು, ಎಲ್ಲ ಗೋರಿಗೂ ಸುಣ್ಣ ಬಳಿಯುತ್ತಾರೆ. ಕಲ್ಲಿನ ಮೇಲೆ ಅಕ್ಷರ ಇದೆಯೋ ಇಲ್ಲವೋ ನೋಡಲ್ಲ. ಯಾರಾದರೂ ಉತ್ಸಾಹಿಗಳು ಕರಿ ಆಯಿಲ್ ಪೇಂಟ್ ತಂದರೆ ಅಕ್ಷರದ ಮೇಲೆ ಅಕ್ಷರ ಬರೆದೂ ಬಿಡುತ್ತಾರೆ.

ಮನೆತನದ ವಂಶಾವಳಿ ಬರೀಬೇಕು ಅಂತ ಹೊರಟಿದ್ದೇನೆ. ಬಾಯಿಮಾತಿನಲ್ಲಿ ಸಿಕ್ಕಿದ್ದೆಲ್ಲ ಬರೆದಾಯ್ತು. ಈಗ ಕಲ್ಲುಗಳ ಸರದಿ.

ಮುತ್ಯಾನ ಅಪ್ಪನ ಗೋರಿ ಕೆಂಪುಗಲ್ಲಿನ ಕಟ್ಟೆ. ತಲೆಕಡೆ ಒಂದು ಶಹಾಬಾದ್ ಫರಸಿ ನಿಲ್ಲಿಸಿ ಗಚ್ಚು ಹಾಕಿದ್ದಾರೆ. ಫರಸಿಯ ಮೇಲಿನ ಮೂಲೆ ಹಪ್ಪಳದ ಹಾಗೆ ಎದ್ದಿದೆ, ಬೆರಳು ತಾಗಿದರೆ ಉದುರುತ್ತೆ. ‘ಕರ್ತನಲ್ಲಿ ನಿದ್ರೆಹೋದ’ ಅನ್ನೋ ಸಾಲು ಚೆನ್ನಾಗಿದೆ. ಹೆಸರು ಅರ್ಧ ಹೋಗಿದೆ. ಅದರ ಕೆಳಗೆ ‘ಕರೋಡಗಿರಿ ಜವಾನ’. ಕೊನೆಯ ಸಾಲು ‘ಸನ್ ೧೩೨೮ ಆಜುರ ೨೧’.

ನಮ್ಮ ಕಾಕಾ ಇದು ಹಿಜರಿ ಇಸವಿ, ಅಂದರೆ 1910 ಅಂತಾರೆ. ಆಜುರ ಅನ್ನೋದು ಯಾವುದೋ ಊರಂತೆ. ಆದರೆ ಮುತ್ಯಾನ ಶಾಲೆ ದಾಖಲೆಯಲ್ಲಿ ಹುಟ್ಟಿದ್ದು 1916. ಅಪ್ಪ ತೀರಿಕೊಂಡು ಆರು ವರ್ಷಕ್ಕೆ ಮಗ ಹುಟ್ಟೋಕಾಗುತ್ತಾ? ಶಾಲೆಯಲ್ಲಿ ಬಾಯಿಗೆ ಬಂದ ವರ್ಷ ಬರೆಸುತ್ತಿದ್ದರು ಅಂತ ಕಾಕಾ ವಾದ. ಅದೂ ಸುಳ್ಳಲ್ಲ ಬಿಡಿ.

ಕೇಳೋದು ಇಷ್ಟು: ಕಲ್ಲಿಗೆ ಏನೂ ಆಗದ ಹಾಗೆ ಅಕ್ಷರ ಓದೋದು ಹೇಗೆ? ಯೂಟ್ಯೂಬಲ್ಲಿ ಒಬ್ಬರು ಸೀಮೆಸುಣ್ಣ ಉಜ್ಜುತ್ತಾರೆ, ಇನ್ನೊಬ್ಬರು ಬಾತ್‌ರೂಮ್ ತೊಳೆಯೋ ಆಸಿಡ್ ಹಾಕುತ್ತಾರೆ. ಬರೀ ನಮ್ಮವರ ಕಲ್ಲು ಸಾಕಾ, ಇಡೀ ಸ್ಮಶಾನ ಮಾಡಬೇಕಾ? ಮತ್ತೆ ಆ ಇಸವಿ ಯಾವುದು?

ಫರಸಿ ಅಂಗಡಿ, ಶಹಾಬಾದ್:

ಅಕ್ಕಾ, ಆಸಿಡ್ ಬಾಟಲಿ ಮನೆಯಲ್ಲೇ ಇರಲಿ. ನಮ್ಮ ಫರಸಿ ಸುಣ್ಣದ ಕಲ್ಲು. ಆಸಿಡ್ ಬಿದ್ದ ತಕ್ಷಣ ಬುರುಬುರು ನೊರೆ ಬರುತ್ತೆ. ಹೊಳಪು ಬಂತು ಅಂತ ಜನ ಖುಷಿಪಡುತ್ತಾರೆ, ಅಲ್ಲಿ ಹೋಗಿದ್ದು ಕಲ್ಲೇ. ಉಳಿ ಬಿಟ್ಟ ಅಂಚು ಅದರ ಜೊತೆಗೇ ಹೋಯ್ತು.

ಫರಸಿ ಪದರ ಪದರ ಕೂತ ಕಲ್ಲು. ಅದಕ್ಕೇ ಗಣಿಯಲ್ಲಿ ಹಾಸು ಹಾಸಾಗಿ ಎದ್ದು ಬರುತ್ತೆ, ಮನೆಗೆ ಹಾಕೋಕೂ ಅನುಕೂಲ. ನಿಲ್ಲಿಸಿದಾಗ ಅದೇ ತೊಂದರೆ. ಮೇಲಿನ ಅಂಚಿನಿಂದ ಮಳೆ ನೀರು ಪದರದ ಸಂದಿಗೆ ಇಳಿಯುತ್ತೆ, ಬಿಸಿಲಿಗೆ ಒಣಗುತ್ತೆ, ಮತ್ತೆ ಇಳಿಯುತ್ತೆ. ಎದ್ದಿರೋ ಮೂಲೆಯನ್ನು ಮುಟ್ಟಬೇಡಿ. ಫೆವಿಕಾಲ್, ಸಿಮೆಂಟ್ ಏನೂ ಹಾಕಬೇಡಿ. ಉದುರಿದ ಚೂರಿನ ಮೇಲೆ ಅಕ್ಷರ ಇದ್ದರೆ ಫೋಟೋ ತೆಗೆದು, ಗೋರಿಯ ನಂಬರ್ ಬರೆದ ಕವರಿನಲ್ಲಿ ಹಾಕಿ ಚರ್ಚಿನಲ್ಲಿ ಕೊಡಿ.

ಮಣ್ಣು, ಹಾವಸೆ ಇದ್ದರೆ ಬರೀ ನೀರು, ಮೆತ್ತನೆ ಬ್ರಷ್. ತಂತಿ ಬ್ರಷ್ ಬೇಡ. ಸೋಪಿನ ಪುಡಿ ಬೇಡ. ಸೀಮೆಸುಣ್ಣವೂ ಬೇಡ, ಅದು ಸಂದಿಯಲ್ಲಿ ಕೂತರೆ ಹೋಗಲ್ಲ. ಗಿಡಕ್ಕೆ ಹೊಡೆಯೋ ಸ್ಪ್ರೇ ಬಾಟಲಿಯಲ್ಲಿ ಸ್ವಲ್ಪ ನೀರು ಹೊಡೆದು ನೋಡಿ. ಒದ್ದೆ ಫರಸಿಯ ಬಣ್ಣ ಗಾಢವಾಗುತ್ತೆ, ಕೆಲವು ಸಲ ಅಷ್ಟರಲ್ಲೇ ಅಕ್ಷರ ಎದ್ದು ಕಾಣುತ್ತೆ. ಪದರ ಎದ್ದ ಕಡೆ ಮಾತ್ರ ನೀರೂ ಬೇಡ.

ಕೆಂಪುಗಲ್ಲಿನ ಮೇಲೆ ಅಕ್ಷರ ಹುಡುಕಿ ಟೈಮ್ ಹಾಳು ಮಾಡಬೇಡಿ. ಮೈತುಂಬ ತೂತಿರೋ ಕಲ್ಲು, ಅದರ ಮೇಲೆ ಸಣ್ಣ ಅಕ್ಷರ ನಿಲ್ಲಲ್ಲ. ಅದಕ್ಕೇ ಬೀದರ್ ಕಡೆಯವರು ಕಟ್ಟೆ ಕೆಂಪುಗಲ್ಲಿಂದ ಕಟ್ಟಿ, ಬರಹಕ್ಕೆ ನಮ್ಮ ಕಲ್ಲು ತರಿಸೋದು.

ಹಳೆ ಭೂಮಾಪಕ:

ತಂಗಿ, ಮೊದಲು ಇಸವಿ ಮುಗಿಸೋಣ. ನಾನು ಸರ್ವೆ ಇಲಾಖೆಯಲ್ಲಿ ಚೈನು ಎಳೆದು ನಿವೃತ್ತನಾದವನು. ನಿಜಾಮರ ಕಾಲದ ಸೇತ್ವಾರ, ಪಹಣಿ ಅಂತ ಜಮೀನಿನ ದಾಖಲೆ ಎಲ್ಲ ಉರ್ದುವಿನಲ್ಲಿ, ಇಸವಿ ಎಲ್ಲ ಫಸಲಿಯಲ್ಲಿ, ಅಂದರೆ ಸರ್ಕಾರದ ಕಂದಾಯದ ವರ್ಷದಲ್ಲಿ. ನಿಮ್ಮ ಕಲ್ಲಿನಲ್ಲಿರೋದೂ ಅದೇ.

ಆಜುರ ಊರಲ್ಲ, ಫಸಲಿ ವರ್ಷದ ಮೊದಲ ತಿಂಗಳು. ಹಿಜರಿ ಆಗಿದ್ದರೆ ಮೊಹರಂ, ಸಫರ್, ರಂಜಾನ್ ಇಂಥ ತಿಂಗಳು ಇರಬೇಕಿತ್ತು. ಫಸಲಿಯಲ್ಲಿ ಆಜುರ, ದೈ, ಬಹಮನ್, ಇಸ್ಫಂದಾರ್ ಅಂತ ಸಾಲು ಹೋಗುತ್ತೆ, ಕೊನೆಯದು ಆಬಾನ್. ನಿಜಾಮ ಸಂಸ್ಥಾನದಲ್ಲಿ ವರ್ಷ ಶುರುವಾಗೋದು ಅಕ್ಟೋಬರ್ ಮೊದಲ ವಾರದಲ್ಲಿ. ಹಾಗಾಗಿ ಮೊದಲ ಮೂರು ತಿಂಗಳಿಗೆ 590 ಕೂಡಿಸಿ, ಆಮೇಲಿನ ತಿಂಗಳಿಗೆ 591. ತಾಳೆ ನೋಡಬೇಕಾ? ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್ ಆದ 1948ರ ಸೆಪ್ಟೆಂಬರ್ ಫಸಲಿ 1357ರಲ್ಲಿ ಬರುತ್ತೆ.

1328ಕ್ಕೆ 590 ಕೂಡಿಸಿದರೆ 1918. ಆಜುರ 21 ಅಂದರೆ ಅಕ್ಟೋಬರ್ ಕೊನೆಯ ವಾರ. ಕರೋಡಗಿರಿ ಅಂದರೆ ನಿಜಾಮರ ಸುಂಕದ ಇಲಾಖೆ. ಸರ್ಕಾರಿ ಜವಾನನ ಕಲ್ಲಿನ ಮೇಲೆ ಸರ್ಕಾರಿ ವರ್ಷ ಬಂದಿದ್ದರಲ್ಲಿ ಆಶ್ಚರ್ಯ ಏನಿಲ್ಲ. ನಿಮ್ಮ ಮುತ್ಯಾ 1916ರಲ್ಲಿ ಹುಟ್ಟಿದ್ದೂ ಸರಿ ಹೋಯ್ತು. ಕಾಕಾಗೆ ಹೇಳ್ರಿ.

1918ರ ಅಕ್ಟೋಬರ್ ಅಂದರೆ ಇನ್‌ಫ್ಲುಯೆಂಜಾ ಮುಂಬಯಿಯಿಂದ ರೈಲು ಹಿಡಿದು ಊರೂರಿಗೆ ಬಂದ ಹೊತ್ತು. ನಿಮ್ಮ ಮನೆಯಲ್ಲಿ ‘ದೊಡ್ಡ ಜ್ವರ’ ಅಂತ ಯಾರಾದರೂ ಅಂದಿದ್ದರೆ ಅದನ್ನೂ ಬರೆದಿಡಿ. ಅಕ್ಕಪಕ್ಕದಲ್ಲಿ ಆಜುರ, ದೈ ತಿಂಗಳ ಕಲ್ಲು ಇನ್ನೂ ಇವೆಯಾ ನೋಡ್ರಿ.

ಇದೇ ಕಾರಣಕ್ಕೆ ಹೇಳೋದು, ಬರೀ ನಿಮ್ಮವರದ್ದು ಮಾಡಬೇಡಿ. ಇಡೀ ಸ್ಮಶಾನ ಮಾಡ್ರಿ. ಹೆಂಡತಿ ಒಂದು ಕಡೆ, ಮಕ್ಕಳು ಕಾಲಕಡೆ, ಅಳಿಯ ಪಕ್ಕದ ಸಾಲಿನಲ್ಲಿ ಇರುತ್ತಾರೆ. ಹೆಣ್ಣುಮಕ್ಕಳ ಹೆಸರು ಗಂಡನ ಮನೆತನದ ಕಲ್ಲಿನ ಮೇಲೆ ಸಿಗುತ್ತೆ, ನಿಮ್ಮ ಮನೆತನದ ಪಟ್ಟಿಯಲ್ಲಿ ಸಿಗಲ್ಲ. ಒಂದು ಕಲ್ಲಿನ ಫೋಟೋ ಅಂದರೆ ಒಂದು ಸರ್ವೆ ನಂಬರಿನ ನಕ್ಷೆ ಕೈಯಲ್ಲಿದ್ದು, ಚೆಕ್ಕುಬಂದಿ, ಅಂದರೆ ಸುತ್ತಲಿನ ಗಡಿ ಗೊತ್ತಿಲ್ಲ ಅಂದಂಗೆ.

ಈಗ ಅಳತೆ. ಫೋನಿನ ಜಿಪಿಎಸ್ ನಂಬಬೇಡಿ. ಅದು ನಾಲ್ಕೈದು ಮೀಟರ್ ಆಚೆ ಈಚೆ ತೋರಿಸುತ್ತೆ, ಗೋರಿಗೂ ಗೋರಿಗೂ ನಡುವೆ ಇರೋದು ಎರಡು ಅಡಿ. ಗೇಟಿನ ಕಂಬದಿಂದ ಎದುರು ಗೋಡೆಯ ಮೂಲೆಗೆ ಒಂದು ದಾರ ಎಳೀರಿ. ಬೇವಿನ ಮರ ಹಿಡೀಬೇಡಿ, ಮರ ನಾಳೆ ಇರುತ್ತೋ ಇಲ್ಲವೋ. ದಾರದ ಗುಂಟ ಟೇಪು ಹಾಸಿ, ಪ್ರತಿ ಗೋರಿಯ ತಲೆಕಡೆ ಮೂಲೆಗೆ ಎರಡು ಅಳತೆ: ದಾರದ ಮೇಲೆ ಎಷ್ಟು ದೂರ, ದಾರದಿಂದ ಎಡಕ್ಕೋ ಬಲಕ್ಕೋ ಎಷ್ಟು. ಅಡ್ಡ ಅಳತೆ ನೇರ ಕಾಟಕೋನದಲ್ಲಿ, ಅಂದರೆ 90 ಡಿಗ್ರಿಯಲ್ಲಿ ಇರಬೇಕು. 3, 4, 5 ಅಡಿಯ ತ್ರಿಕೋನ ಹಾಕಿದರೆ ಕೋನ ತಾನಾಗಿ ಬರುತ್ತೆ. ನಮ್ಮ ಕಾಲದಲ್ಲಿ 33 ಅಡಿಯ ಚೈನು, ಅದರಲ್ಲಿ ಆಣೆ ಅಂತ 16 ಭಾಗ. ನಿಮಗೆ ಅದು ಬೇಡ, ಮೀಟರ್ ಟೇಪು ಸಾಕು. ಗೀಟು ಹಾಕಿದ ಲೆಕ್ಕದ ಹಾಳೆ ಮೇಲೆ ಅಲ್ಲೇ ನಿಂತು ನಕ್ಷೆ ಬರೀರಿ. ಮನೆಗೆ ಬಂದು ಬರೀತೀನಿ ಅಂದವರ ನಕ್ಷೆ ಎಷ್ಟು ನೋಡಿದ್ದೀನಿ!

ಕಲ್ಲಿಲ್ಲದ ಗೋರಿಗೂ ನಂಬರ್ ಹಾಕ್ರಿ. ಗೋರಿಯ ದಿಕ್ಕು, ಆಕಾರ ಎಷ್ಟೋ ಹೇಳುತ್ತೆ. ನಿಮ್ಮಲ್ಲಿ ತಲೆ ಪಡುವಣಕ್ಕೆ, ಕಾಲು ಮೂಡಣಕ್ಕೆ. ಮುಸಲ್ಮಾನರ ಗೋರಿ ಉತ್ತರ–ದಕ್ಷಿಣ. ಲಿಂಗವಂತರು ಕೂರಿಸಿ ಮಣ್ಣು ಮಾಡುತ್ತಾರೆ, ಹಾಗಾಗಿ ಸಮಾಧಿ ಚೌಕ, ಚಿಕ್ಕದು. ಎರಡು ಅಡಿ ಉದ್ದದ ಗೋರಿ ಕಂಡರೆ ಅದು ಕೂಸಿನದು. ಅಂಥವು ಒಂದೇ ಸಾಲಿನಲ್ಲಿ ಇದ್ದರೆ ಬೇರೆ ಕಥೆ ಇರುತ್ತೆ.

ಓದೋದು: ಬಿಸಿಲು ಓರೆಯಾಗಿ ಬೀಳೋ ಹೊತ್ತಿಗೆ ಹೋಗ್ರಿ. ಮಲಗಿಸಿದ ಕಲ್ಲಿಗೆ ಬೆಳಗ್ಗೆ ಅಥವಾ ಸಂಜೆ. ಮೂಡಣಕ್ಕೆ ಮುಖ ಮಾಡಿ ನಿಂತ ಕಲ್ಲಿಗೆ ಬೆಳಗಿನ ಬಿಸಿಲು ನೇರ ಬಡಿಯುತ್ತೆ, ಅಕ್ಷರ ಕಾಣಲ್ಲ. ಅದಕ್ಕೆ ಹನ್ನೊಂದೂವರೆ ಹೊತ್ತು ಒಳ್ಳೇದು, ಬಿಸಿಲು ಕಲ್ಲಿನ ಮೈ ಸವರಿಕೊಂಡು ಹೋಗುತ್ತೆ. ಗೋಡೆಯ ನೆರಳಲ್ಲಿರೋ ಕಲ್ಲಿಗೆ ಮನೆಯ ಕನ್ನಡಿ ಒಯ್ದು ಬದಿಯಿಂದ ಬಿಸಿಲು ತಿರುಗಿಸ್ರಿ.

ಪೇಂಟಿನ ಅಕ್ಷರಕ್ಕಿಂತ ಉಳಿಯ ಅಕ್ಷರ ನಂಬ್ರಿ. ಸುಣ್ಣ ತುಂಬಿದ ೬ನ್ನು ಪೇಂಟ್ ಹಚ್ಚುವ ಹುಡುಗ ೯ ಮಾಡಿರುತ್ತಾನೆ. ಎರಡೂ ಬರೆದು, ಯಾವುದು ಪೇಂಟು ಯಾವುದು ಉಳಿ ಅಂತ ಹೇಳ್ರಿ. ಕಲ್ಲಿನಲ್ಲಿ ಸಾಲು ಎಲ್ಲಿ ಮುರಿದಿದೆಯೋ ಅಲ್ಲೇ ಮುರೀರಿ. ಕಲ್ಲುಕುಟಿಗನ ತಪ್ಪನ್ನು ತಿದ್ದಬೇಡಿ. ಓದೋಕಾಗದ ಅಕ್ಷರಕ್ಕೆ ಒಂದು ಚುಕ್ಕೆ, ಅಷ್ಟೇ. ಊಹೆ ಪಕ್ಕದ ಕಾಲಮ್ಮಿನಲ್ಲಿ.

ಈ ವರ್ಷದ ಸುಣ್ಣ ಬೀಳೋದರೊಳಗೆ ಮಾಡ್ರಿ. ಶಿವರಾತ್ರಿ ಹೊತ್ತಿಗೆ ಹುಲ್ಲು ಒಣಗಿರುತ್ತೆ, ಬಿಸಿಲೂ ತಡೆಯೋ ಹಾಗಿರುತ್ತೆ. ಬೂಟು ಹಾಕಿಕೊಂಡು, ಕೋಲಿನಿಂದ ಸದ್ದು ಮಾಡುತ್ತಾ ಒಳಗೆ ಹೋಗ್ರಿ. ಕಟ್ಟೆಯ ಬಿರುಕಿನಲ್ಲಿ ಕೈ ಹಾಕಬೇಡಿ.

ಸುರಪುರ ಹೊಲ:

ಯಜಮಾನರೇ, ನಿಮ್ಮ 1918 ಓದಿ ನಾನು ನಮ್ಮ ಹೊಲದ ಫೋಟೋ ತೆಗೆದು ನೋಡಿದೆ. ನಾವು ಲಿಂಗಾಯತರು, ಹಿರಿಯರ ಸಮಾಧಿಗಳು ಹೊಲದ ಬದುವಿನಲ್ಲೇ ಇವೆ. ಪಕ್ಕಪಕ್ಕ ಮೂರು ಚೌಕ ಕಟ್ಟೆ. ಒಂದರ ಮೇಲೆ ಲಿಂಗ, ಬಸವಣ್ಣ ಕೆತ್ತಿ ‘ಶಕೆ ೧೮೪೦ ಕಾಳಯುಕ್ತಿ ಸಂವತ್ಸರ ಆಶ್ವೀಜ’ ಅಂತ ಇದೆ. ಶಕೆಗೆ 78 ಕೂಡಿಸಿದರೆ 1918 ಅಲ್ವಾ? ಉಳಿದ ಎರಡಕ್ಕೆ ಬರಹ ಇಲ್ಲ, ಆದರೆ ಕಟ್ಟಿದ ರೀತಿ ಒಂದೇ. ನಮ್ಮ ಆಯಿ ‘ಒಂದೇ ದಸರೆಯಲ್ಲಿ ಮನೆ ಖಾಲಿ ಆಯ್ತಂತೆ’ ಅನ್ನುತ್ತಿದ್ದಳು. ನಾವು ಪ್ಲೇಗು ಅಂತ ತಿಳಿದಿದ್ದೆವು.

ಶಕೆ ಇಲ್ಲದೆ ಬರೀ ಸಂವತ್ಸರ ಇದ್ದರೆ ಏನು ಮಾಡೋದು?

ಹಳೆ ಭೂಮಾಪಕ:

ತಮ್ಮಾ, ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. ಕಾಳಯುಕ್ತಿ 1918ರಲ್ಲಿ ಬಂತು, ಅದಕ್ಕೂ ಮೊದಲು 1858ರಲ್ಲಿ, ಆಮೇಲೆ 1978ರಲ್ಲಿ. ಮೂರರಲ್ಲಿ ಯಾವುದು ಅಂತ ಹೇಳೋದು ಕಲ್ಲಿನ ಕೆಲಸ, ಅಕ್ಷರದ ರೂಪ, ಮನೆಯ ಮಾತು. ನಿಮ್ಮ ಆಯಿಯ ಆ ಮಾತನ್ನು ಅವಳ ಹೆಸರಿನ ಸಮೇತ ಕಲ್ಲಿನ ಪಕ್ಕದಲ್ಲೇ ಬರೆದಿಡು. ಬರಹ ಇಲ್ಲದ ಎರಡಕ್ಕೆ 1918 ಅಂತ ಹಾಕಬೇಡ. ‘ಪಕ್ಕದ್ದರಂತೆ ಕಟ್ಟಿದೆ’ ಅಂತ ಬರೆ.

ಸಿಕಂದರಾಬಾದ್ ಕನ್ನಡಿಗ:

ಅಕ್ಕಾ, ಕಾಗದದ ಕಡೆಯೂ ಒಂದು ಕಣ್ಣಿರಲಿ. ಹುಡುಕಿದರೆ ನಿಮಗೆ ಮೊದಲು ಸಿಗೋದು 1941ರ ಕ್ರಾಫ್ಟನ್ ಪಟ್ಟಿ. ನಿಜಾಮ ಸಂಸ್ಥಾನದ ಗೋರಿಗಳ ಬರಹ ಅಂತ ಹೆಸರು, ಒಳಗೆ ಇರೋದು ಯುರೋಪಿಯನ್ನರು. ಲಂಡನ್ನಿನಲ್ಲಿ 1976ರಲ್ಲಿ ಶುರುವಾದ ಬಾಕ್ಸಾ ಅನ್ನೋ ಸಂಸ್ಥೆ ಕೂಡ ಮುಖ್ಯವಾಗಿ ಅವರ ಗೋರಿಗಳನ್ನೇ ನೋಡಿಕೊಳ್ಳುತ್ತೆ. ಕರೋಡಗಿರಿ ಜವಾನ ಅಲ್ಲಿ ಸಿಗಲ್ಲ. ನಿಮಗೆ ಬೇಕಾಗಿರೋದು ಪಾದ್ರಿಯವರ ಹತ್ತಿರ ಇರೋ ದೀಕ್ಷಾಸ್ನಾನ, ಮದುವೆ, ಸಮಾಧಿ ರಿಜಿಸ್ಟರುಗಳು. ಕಲ್ಲಿನಲ್ಲಿ ಅರ್ಧ ಹೋದ ಹೆಸರು ಅಲ್ಲಿ ಪೂರ್ತಿ ಇರಬಹುದು. ಪುಟದ ಫೋಟೋ ತೆಗೆಯೋ ಮೊದಲು ಕೇಳಿ, ಕೆಲವರಿಗೆ ಇಷ್ಟ ಆಗಲ್ಲ. ಜವಾನರ ನೌಕರಿ ಕಾಗದ ಹುಡುಕಬೇಕು ಅಂತಿದ್ದರೆ ನಿಜಾಮ ಸರ್ಕಾರದ ದಾಖಲೆಗಳು ಹೈದರಾಬಾದಿನ ತಾರ್ನಾಕದಲ್ಲಿ, ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ. ಉರ್ದು ಓದೋರನ್ನು ಜೊತೆಗೆ ಕರ್ಕೊಂಡು ಬನ್ನಿ.

ಫೈಂಡ್ ಎ ಗ್ರೇವ್, ಬಿಲಿಯನ್‌ಗ್ರೇವ್ಸ್ ತರಹದ ಜಾಲತಾಣಕ್ಕೆ ಹಾಕೋ ಆಸೆ ಇದ್ದರೆ ಹಳೆಯವು ಮಾತ್ರ ಹಾಕಿ. ಇತ್ತೀಚೆಗೆ ತೀರಿಕೊಂಡವರದ್ದು ಮನೆಯವರನ್ನು ಕೇಳದೆ ಬೇಡ. ಮುದ್ರಿಸಿದ ಒಂದು ಪ್ರತಿ ಚರ್ಚಿನ ಬೀರುವಿನಲ್ಲಿರಲಿ.

ಬೀದರ್ ಮೊಮ್ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭೂಮಾಪಕ ಕಾಕಾ, 1918 ಅಂತ ಮನೆಯಲ್ಲಿ ಹೇಳಿದೆ. ಕಾಕಾ ಕ್ಯಾಲ್ಕುಲೇಟರ್ ತಗೊಂಡು ಕೂತಿದ್ದಾರೆ, ಇನ್ನೂ ಒಪ್ಪಿಲ್ಲ. ಆದರೆ ನಮ್ಮ ದೊಡ್ಡ ಅತ್ತಿ ಫೋನಿನಲ್ಲಿ ಒಂದು ಹೊಸ ಮಾತು ಹೇಳಿದರು. ಮುತ್ಯಾಗೆ ಒಬ್ಬ ಅಕ್ಕ ಇದ್ದಳಂತೆ, ಅಪ್ಪನ ಹಿಂದೆಯೇ ಹೋದಳಂತೆ. ಹೆಸರು ಯಾರಿಗೂ ನೆನಪಿಲ್ಲ. ಕಟ್ಟೆಯ ಎಡಕ್ಕೆ ಒಂದು ಸಣ್ಣ ಕೆಂಪುಗಲ್ಲಿನ ಗೋರಿ ಇದೆ, ಅದರ ಮೇಲೆ ಏನೂ ಬರೆದಿಲ್ಲ. ಅದು ಅವಳದ್ದೇ ಅಂತ ಬರೀಬಹುದಾ?

ಪಾದ್ರಿಯವರು ರಿಜಿಸ್ಟರ್ ತೋರಿಸೋಕೆ ಒಪ್ಪಿದ್ದಾರೆ. ಸುಣ್ಣದವರಿಗೂ ಈ ಸಲ ಕಟ್ಟೆಗೆ ಮಾತ್ರ ಬಳೀರಿ, ಫರಸಿ ಬಿಡಿ ಅಂತ ಹೇಳಿಸಿದ್ದೇನೆ. ಉದ್ದದ ಟೇಪು ಬೀದರಿನಲ್ಲಿ ಬಾಡಿಗೆಗೆ ಸಿಗುತ್ತಾ?

ಹಳೆ ಭೂಮಾಪಕ:

ಬರೀಬೇಡಿ ತಂಗಿ. ನಂಬರ್ ಹಾಕಿ, ಅಳತೆ ಹಾಕಿ, ಊಹೆಯ ಕಾಲಮ್ಮಿನಲ್ಲಿ ‘ಮಗಳು? ಅತ್ತಿಯ ಮಾತು’ ಅಂತ ಇಟ್ಟು, ಅತ್ತಿ ಹೇಳಿದ ತಾರೀಖು ಹಾಕ್ರಿ. ರಿಜಿಸ್ಟರಿನಲ್ಲಿ 1918ರ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಸಾಲು ಸಾಲು ಓದ್ರಿ, ನಿಮ್ಮ ಮನೆತನದ ಹೆಸರು ಇಲ್ಲದ ಸಾಲೂ ಬಿಡಬೇಡಿ. ಜ್ವರದ ಹೊತ್ತಿನಲ್ಲಿ ಬರೆಯೋರೂ ಗಡಿಬಿಡಿಯಲ್ಲಿ ಇದ್ದಿರುತ್ತಾರೆ, ಬರೀ ‘ಜವಾನನ ಮಗಳು’ ಅಂತ ಬರೆದು ಬಿಟ್ಟಿರಬಹುದು.

ಟೇಪಿಗೆ ಬಾಡಿಗೆ ಯಾಕೆ, ನನ್ನ ಹತ್ತಿರ 50 ಮೀಟರಿನದು ಇದೆ. ತುದಿಯ ಕೊಂಡಿ ಮುರಿದಿದೆ, ಸೊನ್ನೆ ಬಿಟ್ಟು ಒಂದು ಮೀಟರಿನಿಂದ ಹಿಡಿದು ಆಮೇಲೆ ಕಳೀಬೇಕು. ಮೆಸೇಜ್ ಮಾಡ್ರಿ. ಭಾನುವಾರ ಬೇಡ, ಮೊಮ್ಮಕ್ಕಳು ಬರ್ತಾರೆ.