ಇಂಟರ್‌ಮೋಡಲ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ. ಸರಕು ಸಾಗಣೆ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರ್ತಾ ಇದೀನಿ, 'ಇಂಟರ್‌ಮೋಡಲ್' ಅನ್ನೋ ಪದದ ಹತ್ರ ಮೂರು ದಿನದಿಂದ ಗಾಡಿ ನಿಂತುಬಿಟ್ಟಿದೆ. ಪೇಪರ್‌ಗಳಲ್ಲಿ 'ಬಹುಮಾದರಿ ಸಾರಿಗೆ' ಅಂತ ಬರತ್ತಲ್ಲ, ಅದನ್ನೇ ಹಾಕಿ ಮುಗಿಸೋಣ ಅಂದ್ಕೊಂಡೆ, ಆದ್ರೆ ಅದು ಮಲ್ಟಿಮೋಡಲ್‌ಗೆ ಸರಿ, ಇದಕ್ಕಲ್ಲ. ಮಲ್ಟಿಮೋಡಲ್‌ನಲ್ಲಿ ಹಡಗು, ರೈಲು, ಲಾರಿ ಯಾವುದರಲ್ಲಿ ಹೋದ್ರೂ ಕರಾರು ಒಂದೇ, ಜವಾಬ್ದಾರಿ ಒಬ್ಬರದೇ, 1980ರ ವಿಶ್ವಸಂಸ್ಥೆ ಒಪ್ಪಂದದಲ್ಲೂ ಒತ್ತು ಇರೋದು ಕರಾರಿನ ಮೇಲೇ. ಇಂಟರ್‌ಮೋಡಲ್ ಅಂದ್ರೆ ಗಾಡಿ ಬದಲಾಗತ್ತೆ, ಪೆಟ್ಟಿಗೆ (ಅಂದ್ರೆ ಕಂಟೇನರ್) ಅದೇ ಇರತ್ತೆ, ಒಳಗಿನ ಮಾಲನ್ನ ಗಾಡಿ ಬದಲಾಯಿಸುವಾಗ ಯಾರೂ ಮುಟ್ಟಲ್ಲ.

ಇದನ್ನ ಇಷ್ಟು ಎಳೆಯೋಕೆ ಕಾರಣ ಇದೆ. ಮೊದಲೆಲ್ಲ ಬಂದರಲ್ಲಿ ಮೂಟೆ, ಪೀಪಾಯಿ ಒಂದೊಂದನ್ನೂ ಇಳಿಸಿ ಹಡಗಿನ ಹೊಟ್ಟೇಲಿ ಜೋಡಿಸ್ತಿದ್ರು, ಹಡಗು ದಿನಗಟ್ಟಲೆ ದಡದಲ್ಲೇ ನಿಂತಿರ್ತಿತ್ತು. ಲಾರಿ ಕಂಪನಿ ಕಟ್ಟಿದ್ದ ಮಾಲ್ಕಮ್ ಮೆಕ್ಲೀನ್ 1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಐಡಿಯಲ್ ಎಕ್ಸ್ ಅನ್ನೋ ಹಳೇ ಟ್ಯಾಂಕರ್ ಮೇಲೆ 58 ಪೆಟ್ಟಿಗೆ ಕಳಿಸಿದ. ಅವನಿಗೆ ಮೊದಲು ಇದ್ದ ಯೋಚನೆ ಟ್ರೈಲರನ್ನ ಚಕ್ರ ಸಮೇತ ಹತ್ತಿಸೋದು, ಚಕ್ರ ಸುಮ್ನೆ ಜಾಗ ತಿನ್ನತ್ತೆ, ಒಂದರ ಮೇಲೊಂದು ಪೇರಿಸೋಕೂ ಆಗಲ್ಲ ಅಂತ ಕೊನೆಗೆ ಚಕ್ರ ಕೆಳಗೇ ಬಿಟ್ಟು ಪೆಟ್ಟಿಗೆ ಮಾತ್ರ ಎತ್ತಿದ್ರು. ನನ್ನ ಪದದ ಅರ್ಥ ಪೂರ್ತಿ ಅಲ್ಲೇ ಇದೆ ನೋಡಿ. ಪೆಟ್ಟಿಗೆಯ ಎಂಟು ಮೂಲೆಗೂ ತೂತಿರೋ ಉಕ್ಕಿನ ಗಟ್ಟಿ, ಕೆಳಗಿನ ತೂತಿಗೆ ಟ್ವಿಸ್ಟ್‌ಲಾಕ್ ತೂರಿಸಿ ಕಾಲು ಸುತ್ತು ತಿರುಗಿಸಿದ್ರೆ ಕಚ್ಕೊಳ್ಳತ್ತೆ, ಲಾರಿಗೂ ಅದೇ ತೂತು, ಹಡಗಿಗೂ ಅದೇ. (ಟ್ವಿಸ್ಟ್‌ಲಾಕ್‌ಗೆ 'ತಿರುಗುಬೀಗ' ಅಂತ ಬರ್ದಿದೀನಿ, ನಂಗಂತೂ ಇಷ್ಟ ಆಯ್ತು.)

ಈಗ ತೊಂದರೆ. 'ಅಂತರ್‌ಮಾದರಿ' ಅಂದ್ರೆ ಅಂತರ್ಜಾತಿಯ ಅಂತರ್ ಓದ್ಬೇಕೋ ಅಂತರ್ಜಲದ್ದೋ? ಒಂದು ನಡುವೆ, ಇನ್ನೊಂದು ಒಳಗೆ. ಅದೂ ಅಲ್ದೆ 'ಮಾದರಿ' ಅಂದ ತಕ್ಷಣ ಸ್ಯಾಂಪಲ್ಲೇ ನೆನಪಾಗೋದು, ಮಾದರಿ ಪ್ರಶ್ನೆಪತ್ರಿಕೆ ಥರ. 'ಗಾಡಿಬದಲು ಸಾಗಣೆ' ಅಂತ ಬರ್ದೆ, ಹಡಗನ್ನ ಗಾಡಿ ಅಂತ ಯಾರು ಅಂತಾರೆ ಅಂತ ಹೊಡೆದುಹಾಕಿದೆ. 'ಒಂದೇ ಪೆಟ್ಟಿಗೆ ಸಾಗಣೆ' ಅಂದ್ರೆ ಇರೋದೇ ಒಂದು ಪೆಟ್ಟಿಗೆ ಅನ್ನೋ ಹಾಗೆ ಕೇಳತ್ತೆ. ಸದ್ಯಕ್ಕೆ ಕೈಲಿರೋದು 'ಬಿಚ್ಚದ ಸಾಗಣೆ', ಸ್ವಲ್ಪ ಒರಟು, ಆದ್ರೆ ಅರ್ಥಕ್ಕೆ ಹತ್ರ. ಕಂಟೇನರ್ ಮಾತ್ರ ಕಂಟೇನರ್ ಅಂತಾನೇ ಬಿಡ್ತೀನಿ, ಅದು ಆಗ್ಲೇ ಕನ್ನಡ ಆಗೋಗಿದೆ.

ಇನ್ನೊಂದು ಸಣ್ಣದು. ಹಡಗಿನಲ್ಲಿ ಎಷ್ಟು ಕಂಟೇನರ್ ಹಿಡಿಯತ್ತೆ ಅಂತ ಎಣಿಸೋ ಟಿಇಯು ಅನ್ನೋ ಲೆಕ್ಕ ಇಪ್ಪತ್ತಡಿ ಪೆಟ್ಟಿಗೆ ಮೇಲೆ ನಿಂತಿದೆ, ಆದ್ರೆ ಆ ಪೆಟ್ಟಿಗೆ ಅಳೆದ್ರೆ 19 ಅಡಿ ಹತ್ತೂವರೆ ಇಂಚು, ಎರಡು ಸೇರಿ ನಡುವೆ ಸಂದು ಬಿಟ್ಟು ನಲವತ್ತಡಿ ಜಾಗದಲ್ಲಿ ಕೂರಬೇಕಲ್ಲ ಅದಕ್ಕೆ. ಹಾಗಾಗಿ 'ಇಪ್ಪತ್ತಡಿ' ಇಲ್ಲಿ ಅಳತೆ ಅಲ್ಲ, ಹೆಸರು. ಕೂಡಿಸಿ ಬರೆದ್ರೆ ಹೆಸರು, '20 ಅಡಿ' ಅಂತ ಬಿಡಿಸಿ ಬರೆದ್ರೆ ಅಳತೆ, ಹೀಗೆ ಇಟ್ಕೊಂಡ್ರೆ ಓದೋರಿಗೆ ಗೊತ್ತಾಗತ್ತಾ?