ಹಳೆಯ ಲ್ಯಾಪ್‌ಟಾಪ್‌ನ ಪ್ರೊಸೆಸರ್ ಅನ್ನು ಓವರ್‌ಕ್ಲಾಕ್ ಮಾಡಬಹುದೇ?

ಪ್ರಶ್ನೆ

ನಮಸ್ಕಾರ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಕೋರ್ ಐ5-2520ಎಂ ಪ್ರೊಸೆಸರ್ ಮತ್ತು 8 ಜಿಬಿ ರ‍್ಯಾಮ್ ಇವೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿಯಾಗಿದೆ. ಬರವಣಿಗೆಗೂ ಬ್ರೌಸಿಂಗ್‌ಗೂ ಯಾವ ತೊಂದರೆಯೂ ಇಲ್ಲ. ಆದರೆ ಪಾಠದ ವಿಡಿಯೊಗಳನ್ನು ಎಡಿಟ್ ಮಾಡಿ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಕೆಲಸ ಮುಗಿಯುವುದೇ ಇಲ್ಲವೇನೋ ಎನಿಸುವಷ್ಟು ಹೊತ್ತು ಹಿಡಿಯುತ್ತದೆ. ಯಂತ್ರ ಶುರುವಾಗುವಾಗ ತೆರೆಯಬಹುದಾದ ಬಯಾಸ್ ಸೆಟ್ಟಿಂಗ್‌ಗಳಲ್ಲಿ ವೇಗ ಹೆಚ್ಚಿಸುವ ಆಯ್ಕೆ ಕಾಣಲಿಲ್ಲ. ಸೆಟ್‌ಎಫ್‌ಎಸ್‌ಬಿ ಎಂಬ ತಂತ್ರಾಂಶದ ಮೂಲಕ ವಿಂಡೋಸ್‌ನಿಂದಲೇ ಓವರ್‌ಕ್ಲಾಕ್ ಮಾಡಬಹುದು, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಬಹುದು ಎಂದು ಓದಿದ್ದೇನೆ. 2.5 ಗಿಗಾಹರ್ಟ್ಸ್ ಇರುವುದನ್ನು 3ಕ್ಕಾದರೂ ಏರಿಸಲು ಸಾಧ್ಯವೇ?

ಉತ್ತರ 1

ನೀವು ಕೇಳುತ್ತಿರುವ 3 ಗಿಗಾಹರ್ಟ್ಸ್ ನಿಮ್ಮ ಪ್ರೊಸೆಸರ್‌ನಲ್ಲಿ ಈಗಾಗಲೇ ಇದೆ. 2.5 ಎಂಬುದು ಅದರ ಮೂಲ ವೇಗ ಮಾತ್ರ; ಟರ್ಬೊ ಎಂಬ ಸೌಲಭ್ಯ ಕೆಲಸ ಮಾಡುತ್ತಿದ್ದರೆ ಒಂದೇ ಕೋರ್‌ಗೆ ಹೊರೆ ಬಿದ್ದಾಗ 3.2ರವರೆಗೆ, ಎರಡೂ ಕೋರ್‌ಗಳು ದುಡಿಯುವಾಗ 3.0ರವರೆಗೆ ಅದು ತಾನಾಗಿಯೇ ಏರಬೇಕು. ಏರುತ್ತಿದೆಯೇ ಎಂಬುದನ್ನು ಮೊದಲು ನೋಡಿ.

ಅದರಾಚೆಗೆ ಏರಿಸುವ ದಾರಿ ಹೆಚ್ಚುಕಡಿಮೆ ಮುಚ್ಚಿದೆ. ಈ ತಲೆಮಾರಿನಲ್ಲಿ ವೇಗವೆಂದರೆ 100 ಮೆಗಾಹರ್ಟ್ಸ್‌ನ ಮೂಲ ಗಡಿಯಾರವನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿದ್ದು. ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಪೈಕಿ ಐ7-2920ಎಕ್ಸ್‌ಎಂನಂತಹ ಎಕ್ಸ್‌ಟ್ರೀಮ್ ಮಾದರಿಗಳನ್ನು ಬಿಟ್ಟರೆ ನಿಮ್ಮದೂ ಸೇರಿದಂತೆ ಹೆಚ್ಚಿನವುಗಳ ಮಲ್ಟಿಪ್ಲೈಯರ್‌ಗೆ ಬೀಗ ಹಾಕಲಾಗಿದೆ. ಮೂಲ ಗಡಿಯಾರವನ್ನೇ ಏರಿಸೋಣವೆಂದರೆ ಡಿಸ್ಕ್ ಮತ್ತಿತರ ಭಾಗಗಳನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್, ಸಾಟಾ ಮುಂತಾದ ಸಂಪರ್ಕಗಳೂ ಅದರ ಲಯಕ್ಕೇ ಕಟ್ಟುಬಿದ್ದಿವೆ. ಆದ್ದರಿಂದ ಶೇಕಡಾ ನಾಲ್ಕೈದರ ಆಚೆಗೆ ಹೋದರೆ ಯಂತ್ರ ಸ್ಥಗಿತಗೊಳ್ಳುವುದಲ್ಲದೆ ಡಿಸ್ಕ್‌ನಲ್ಲಿರುವ ದತ್ತಾಂಶವೂ ಕೆಡಬಹುದು. ಸೆಟ್‌ಎಫ್‌ಎಸ್‌ಬಿ ಮದರ್‌ಬೋರ್ಡ್ ಮೇಲಿನ ಪ್ರತ್ಯೇಕ ಕ್ಲಾಕ್ ಚಿಪ್ ಜೊತೆ ಮಾತನಾಡುವ ತಂತ್ರಾಂಶ. ನಿಮ್ಮ ತಲೆಮಾರಿನಲ್ಲಿ ಆ ಕೆಲಸ ಚಿಪ್‌ಸೆಟ್‌ನ ಒಳಗೇ ಸೇರಿಹೋಗಿರುವುದರಿಂದ ಅದರಿಂದ ನಿಮಗೆ ಪ್ರಯೋಜನವಿಲ್ಲ.

ಪ್ರೊಸೆಸರ್‌ನ ವೇಗ, ತಾಪಮಾನಗಳನ್ನು ತೋರಿಸುವ ಥ್ರಾಟಲ್‌ಸ್ಟಾಪ್ ತಂತ್ರಾಂಶವನ್ನು ತೆರೆದಿಟ್ಟು ಎಕ್ಸ್‌ಪೋರ್ಟ್ ನಡೆಸಿ, ವೇಗ ಮತ್ತು ತಾಪಮಾನ ಎರಡನ್ನೂ ಇಲ್ಲಿ ತಿಳಿಸಿ.

ಪ್ರಶ್ನೆ ಕೇಳಿದವರು

ನೋಡಿದೆ. ಆರಂಭದಲ್ಲಿ 3.0 ಇರುತ್ತದೆ. ಸ್ವಲ್ಪ ಹೊತ್ತಿನಲ್ಲೇ ತಾಪಮಾನ 97, 98 ಡಿಗ್ರಿಗೆ ಮುಟ್ಟುತ್ತದೆ. ಆಮೇಲೆ ವೇಗ 1.6ಕ್ಕೂ 2.2ಕ್ಕೂ ನಡುವೆ ಹೊಯ್ದಾಡುತ್ತದೆ. ಫ್ಯಾನ್ ಮಾತ್ರ ಒಂದೇ ಸಮನೆ ಕೂಗುತ್ತಿರುತ್ತದೆ.

ಉತ್ತರ 2

ಹಾಗಿದ್ದರೆ ಓವರ್‌ಕ್ಲಾಕ್ ಮಾತನ್ನು ಸದ್ಯಕ್ಕೆ ಬದಿಗಿಡಿ. ಈ ಪ್ರೊಸೆಸರ್‌ನ ತಾಪಮಾನದ ಮಿತಿ 100 ಡಿಗ್ರಿ. ಅದರ ಹತ್ತಿರ ಬಂದಾಗ ತನ್ನನ್ನು ಉಳಿಸಿಕೊಳ್ಳಲು ಅದೇ ವೇಗ ತಗ್ಗಿಸುತ್ತಿದೆ. 35 ವ್ಯಾಟ್‌ನ ಶಾಖವನ್ನೇ ಹೊರಹಾಕಲಾಗದ ಯಂತ್ರಕ್ಕೆ ಇನ್ನಷ್ಟು ಶಾಖ ಕೊಟ್ಟರೆ ವೇಗ ಕುಗ್ಗುತ್ತದೆಯೇ ಹೊರತು ಹೆಚ್ಚುವುದಿಲ್ಲ.

ಹೊರಗಿನ ಜಾಲರಿ ಶುಚಿಯಾಗಿ ಕಂಡರೆ ನಂಬಬೇಡಿ. ಧೂಳು ಕೂರುವುದು ಫ್ಯಾನ್‌ಗೂ, ಶಾಖ ಹೊರಹಾಕುವ ಹೀಟ್‌ಸಿಂಕ್‌ನ ತೆಳು ತಗಡುಗಳಿಗೂ ನಡುವಿನ ಸಂದಿಯಲ್ಲಿ. ಫ್ಯಾನ್ ಬಿಚ್ಚಿದಾಗ ಅಲ್ಲಿ ಕಂಬಳಿಯ ತುಂಡಿನಂತಹ ದಪ್ಪ ಪದರ ಇಡಿಯಾಗಿ ಎದ್ದುಬರುವುದುಂಟು. ಹೊರಗಿನಿಂದ ಗಾಳಿ ಊದಿದರೆ ಅದು ಒಳಕ್ಕೆ ಸರಿಯುತ್ತದೆ, ಅಷ್ಟೆ. ಬ್ಯಾಟರಿ ತೆಗೆದು, ಫ್ಯಾನ್ ಬಿಚ್ಚಿ, ಆ ಪದರವನ್ನು ಕೈಯಿಂದಲೇ ತೆಗೆಯಿರಿ. ಗಾಳಿ ಊದುವುದಾದರೆ ರೆಕ್ಕೆಗಳು ತಿರುಗದಂತೆ ಹಿಡಿದುಕೊಳ್ಳಿ. ಹೀಟ್‌ಸಿಂಕ್ ಎತ್ತಿದ ಮೇಲೆ ಪ್ರೊಸೆಸರ್‌ನಿಂದ ಅದಕ್ಕೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರುತ್ತದೆ, ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಹೊಸದನ್ನು ತೆಳುವಾಗಿ ಹಚ್ಚಿ. ಸ್ಕ್ರೂಗಳ ಪಕ್ಕದಲ್ಲಿ 1, 2, 3, 4 ಎಂದು ಬರೆದಿದ್ದರೆ ಆ ಕ್ರಮದಲ್ಲೇ, ಪ್ರತಿಯೊಂದನ್ನೂ ಸ್ವಲ್ಪಸ್ವಲ್ಪವೇ ಬಿಗಿಯುತ್ತಾ ಹೋಗಿ. ಒಂದನ್ನೇ ಪೂರ್ತಿ ಬಿಗಿದರೆ ಹೀಟ್‌ಸಿಂಕ್ ಒಂದು ಕಡೆಗೆ ಓರೆಯಾಗುತ್ತದೆ.

ಉತ್ತರ 3

ಸೆಟ್‌ಎಫ್‌ಎಸ್‌ಬಿಯ ಹೆಸರು ಕೆಟ್ಟಿರುವುದು ಸರಿಯಲ್ಲ ಎಂಬ ಕಾರಣಕ್ಕೆ ಒಂದು ಮಾತು. ಕೋರ್ 2 ಡ್ಯುಯೊ ಕಾಲದಲ್ಲಿ ಅದು ನಿಜಕ್ಕೂ ಉಪಯುಕ್ತವಾಗಿತ್ತು. ಉದಾಹರಣೆಗೆ ಟಿ7200 ಪ್ರೊಸೆಸರ್‌ನ 2.0 ಗಿಗಾಹರ್ಟ್ಸ್ ಎಂದರೆ 166 ಮೆಗಾಹರ್ಟ್ಸ್‌ನ 12 ಪಟ್ಟು. ಬಸ್ ಎಂದು ಕರೆಯುವ ಆ 166 ಮೆಗಾಹರ್ಟ್ಸ್ 180ಕ್ಕೆ ಏರಿದರೆ 2.16 ಆಗುತ್ತದೆ. ಆದರೆ ರ‍್ಯಾಮ್‌ನ ವೇಗವೂ ಜೊತೆಗೇ ಏರುತ್ತಿತ್ತು. ಎಷ್ಟೋ ಸಲ ಮೊದಲು ಸೋಲುತ್ತಿದ್ದುದು ಅದೇ. ಇನ್ನು ವೋಲ್ಟೇಜ್ ವಿಷಯ: ವಿದ್ಯುತ್ ಬಳಕೆ ವೇಗಕ್ಕೆ ನೇರವಾಗಿ, ವೋಲ್ಟೇಜ್‌ನ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಎರಡನ್ನೂ ಶೇಕಡಾ 10ರಷ್ಟು ಏರಿಸಿದರೆ ಶಾಖ ಸುಮಾರು ಮೂರನೇ ಒಂದು ಭಾಗದಷ್ಟು ಏರುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಇದನ್ನು ದೊಡ್ಡ ಕೂಲರ್ ನುಂಗಿಕೊಳ್ಳುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಆ ಜಾಗವೆಲ್ಲಿ?

ನಿಮ್ಮ ಕೆಲಸಕ್ಕೆ ಇದಕ್ಕಿಂತ ಸುಲಭದ ದಾರಿಯೊಂದಿದೆ. ನಿಮ್ಮ ಪ್ರೊಸೆಸರ್‌ನ ಎಚ್‌ಡಿ 3000 ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಎಂಬ ವಿಡಿಯೊ ಎನ್‌ಕೋಡರ್ ಇದೆ. ನಿಮ್ಮ ಎಡಿಟಿಂಗ್ ತಂತ್ರಾಂಶ ಈ ಹಳೆಯ ಗ್ರಾಫಿಕ್ಸ್ ಅನ್ನು ಇನ್ನೂ ಬೆಂಬಲಿಸುತ್ತಿದ್ದರೆ ಎಚ್.264 ಎಕ್ಸ್‌ಪೋರ್ಟ್‌ನಲ್ಲಿ ಅದನ್ನು ಆರಿಸಿ. ಅದೇ ಬಿಟ್‌ರೇಟ್‌ನಲ್ಲಿ (ವಿಡಿಯೊದ ಪ್ರತಿ ಸೆಕೆಂಡಿಗೆ ಬಳಸುವ ದತ್ತಾಂಶದ ಪ್ರಮಾಣ) ಚಿತ್ರದ ಗುಣಮಟ್ಟ ತುಸು ಕಡಿಮೆ ಎನಿಸಬಹುದು. ಪಾಠದ ವಿಡಿಯೊಗೆ ಬಿಟ್‌ರೇಟ್ ಸ್ವಲ್ಪ ಹೆಚ್ಚಿಸಿಕೊಂಡರೆ ಸಾಕು.

ಪ್ರಶ್ನೆ ಕೇಳಿದವರು

ಶುಚಿ ಮಾಡಿ ಪೇಸ್ಟ್ ಬದಲಿಸಿದೆ. ಈಗ ಎಕ್ಸ್‌ಪೋರ್ಟ್ ಉದ್ದಕ್ಕೂ 3.0ರಲ್ಲೇ ನಿಲ್ಲುತ್ತಿದೆ, ತಾಪಮಾನ 85ರ ಆಸುಪಾಸಿನಲ್ಲಿದೆ. ನಾಲ್ಕು ಕೋರ್‌ಗಳ ಪ್ರೊಸೆಸರ್ ಹಾಕಿಸಿದರೆ ಇನ್ನೂ ಅನುಕೂಲವಾದೀತೇ?

ಉತ್ತರ 1

ಆಗಬಹುದು, ಆದರೆ ಅದು ಎರಡು ಸಂಗತಿಗಳನ್ನು ಅವಲಂಬಿಸಿದೆ. ಐ5-2520ಎಂ ಸಾಕೆಟ್‌ನಲ್ಲಿ ಕೂರುವ ರೂಪದಲ್ಲೂ ಬೋರ್ಡ್‌ಗೆ ಬೆಸುಗೆ ಹಾಕಿದ ರೂಪದಲ್ಲೂ ಬಂದಿದೆ. ಪ್ರೊಸೆಸರ್‌ನ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶದ ಪ್ಯಾಕೇಜ್ ಸಾಲಿನಲ್ಲಿ 988ಬಿ ಎಂದಿದ್ದರೆ ಬದಲಿಸಲು ಅವಕಾಶವಿದೆ, ಬಿಜಿಎ ಎಂದಿದ್ದರೆ ಆ ಯೋಚನೆ ಬಿಟ್ಟುಬಿಡಿ. ಸಾಕೆಟ್ ಇದ್ದರೂ ಐ7-2670ಕ್ಯೂಎಂನಂತಹ ಪ್ರೊಸೆಸರ್ 45 ವ್ಯಾಟ್‌ನದು. ನಿಮ್ಮದೇ ಮಾದರಿಯನ್ನು ತಯಾರಕರು ನಾಲ್ಕು ಕೋರ್‌ಗಳೊಂದಿಗೂ ಮಾರಿದ್ದರೆ ಅದರ ಹೀಟ್‌ಸಿಂಕ್ ಬೇರೆಯದೇ ಎಂಬುದನ್ನು ಬಿಡಿಭಾಗಗಳ ಪಟ್ಟಿಯಲ್ಲಿ ನೋಡಿ, ಬೇರೆಯಾಗಿದ್ದರೆ ಅದನ್ನೂ ಸೇರಿಸಿಯೇ ತರಿಸಿಕೊಳ್ಳಿ.